ತಕ್ಕಡಿಯಲ್ಲ, ಅಳತೆಪಟ್ಟಿ: ಬೆಳೆಯುವ ವಯಸ್ಸಿನ ಫಿಗರ್ ಸ್ಕೇಟರ್ ಹುಡುಗಿಯರ ಪೋಷಕರಿಗೆ ಒಂದು ಮಾರ್ಗದರ್ಶಿ

ಕಳೆದ ಚಳಿಗಾಲದವರೆಗೆ ನಿದ್ದೆಗಣ್ಣಿನಲ್ಲೂ ಟ್ರಿಪಲ್ ಸಾಲ್ಕೋ (ಗಾಳಿಯಲ್ಲಿ ಮೂರು ಸುತ್ತು ಸುತ್ತುವ ಒಂದು ಜಿಗಿತ) ಹಾಕಬಲ್ಲವಳಾಗಿದ್ದ ಹದಿಮೂರರ ಹುಡುಗಿ ಈ ವರ್ಷ ಅದೇ ಜಿಗಿತದಲ್ಲಿ ಮತ್ತೆ ಮತ್ತೆ ಬೀಳುತ್ತಾಳೆ. ಕೋಚ್ ಬದಲಾಗಿಲ್ಲ, ಅಭ್ಯಾಸದ ಗಂಟೆಗಳು ಕಡಿಮೆಯಾಗಿಲ್ಲ, ಹಟವೂ ಇಳಿದಿಲ್ಲ. ಬದಲಾಗಿರುವುದು ಅವಳ ಪ್ಯಾಂಟಿನ ಉದ್ದ. ಇದನ್ನು ಸೋಮಾರಿತನವೆಂದೋ ಹೆದರಿಕೆಯೆಂದೋ, ಎಲ್ಲಕ್ಕಿಂತ ಅಪಾಯಕಾರಿಯಾಗಿ ತೂಕದ ದೋಷವೆಂದೋ ಓದಿಕೊಳ್ಳುವ ಪೋಷಕರು ಮತ್ತು ತರಬೇತುದಾರರು ಪ್ರತಿ ರಿಂಕ್‌ನಲ್ಲೂ (ಸ್ಕೇಟಿಂಗ್ ಅಂಗಳದಲ್ಲೂ) ಸಿಗುತ್ತಾರೆ. ಮಗಳು ಬೆಳೆಯುವ ಆ ಎರಡು ಮೂರು ವರ್ಷಗಳಲ್ಲಿ ಏನನ್ನು ಅಳೆಯಬೇಕು, ಏನನ್ನು ಕಡಿಮೆ ಮಾಡಬೇಕು, ಏನನ್ನು ಎಂದಿಗೂ ಕಡಿಮೆ ಮಾಡಬಾರದು ಎಂಬುದನ್ನು ಅಮೆರಿಕ, ಕೆನಡಾ, ಯೂರೋಪುಗಳಲ್ಲಿ ಮಕ್ಕಳನ್ನು ಐಸ್ ಮೇಲೆ ಬಿಟ್ಟಿರುವ ಕನ್ನಡ ಮನೆಗಳನ್ನೂ ಮನಸ್ಸಿನಲ್ಲಿಟ್ಟುಕೊಂಡು ಇಲ್ಲಿ ಬರೆದಿದ್ದೇನೆ. ಬೆಂಗಳೂರಿನಲ್ಲಿ ಗಾಲಿ ಸ್ಕೇಟಿನ ಮೇಲೆ ಆಕ್ಸಲ್ ಎಂಬ ಜಿಗಿತ ಕಲಿಯುವ ಹುಡುಗಿಗೂ ಬಹುಮಟ್ಟಿಗೆ ಇದೇ ಲೆಕ್ಕ ಅನ್ವಯಿಸುತ್ತದೆ.

ಮೊದಲು, ಗಾಳಿಯಲ್ಲಿ ಏನಾಗುತ್ತದೆ ಎಂಬುದನ್ನು ತಿಳಿಯಿರಿ

ಜಿಗಿತಕ್ಕೆ ಬೇಕಾದ ತಿರುಗುಬಲ, ಅಂದರೆ ಸುತ್ತುವಿಕೆಯ ಬಂಡವಾಳವೆಲ್ಲ, ಬ್ಲೇಡು ಐಸ್ ಅನ್ನು ಬಿಡುವ ಮುನ್ನವೇ ಕೈಸೇರಿರಬೇಕು. ಮೇಲೇರಿದ ಬಳಿಕ ಅದಕ್ಕೆ ಒಂದಿಷ್ಟೂ ಸೇರಿಸಲಾಗುವುದಿಲ್ಲ; ತೋಳುಗಳನ್ನು ಎದೆಗೆ ಒತ್ತಿ, ಕಾಲುಗಳನ್ನು ಹೆಣೆದು, ಇದ್ದುದರಲ್ಲೇ ಹೆಚ್ಚು ವೇಗವಾಗಿ ಸುತ್ತಬಹುದು, ಅಷ್ಟೆ. ದೇಹದ ಗುರುತ್ವಕೇಂದ್ರ 40 ಸೆಂ.ಮೀ. ಮೇಲೇರಿದರೆ ಗಾಳಿಯಲ್ಲಿ ಸಿಗುವ ಸಮಯ ಸುಮಾರು 0.57 ಸೆಕೆಂಡು, 50 ಸೆಂ.ಮೀ. ಏರಿದರೆ 0.64 ಸೆಕೆಂಡು. ಅಂದರೆ ಹತ್ತು ಸೆಂಟಿಮೀಟರ್ ಹೆಚ್ಚು ಹಾರುವಷ್ಟು ಬಲವನ್ನು ಕಾಲಿಗೆ ತಂದುಕೊಟ್ಟರೂ ದಕ್ಕುವುದು 0.07 ಸೆಕೆಂಡು ಮಾತ್ರ, ಸೆಕೆಂಡಿಗೆ ಐದು ಸುತ್ತಿನ ವೇಗದಲ್ಲಿ ಅದು ಸುತ್ತಿನ ಮೂರನೆಯ ಒಂದು ಭಾಗ. ಜಿಗಿತದ ಗೆಲುವು ಸೋಲು ನಿಂತಿರುವುದು ಇಷ್ಟು ತೆಳುವಾದ ಅಂತರದ ಮೇಲೆ.

ಈಗ 150 ಸೆಂ.ಮೀ. ಎತ್ತರದ ಹುಡುಗಿಯೊಬ್ಬಳು ಅದೇ ಮೈಕಟ್ಟಿನಲ್ಲಿ 160ಕ್ಕೆ ಬೆಳೆದಳೆಂದು ಇಟ್ಟುಕೊಳ್ಳೋಣ. ಎತ್ತರ ಹೆಚ್ಚಿದ್ದು ಶೇ. 7ರ ಆಸುಪಾಸು. ದೇಹ ಉದ್ದ, ಅಗಲ, ದಪ್ಪ ಮೂರರಲ್ಲೂ ಬೆಳೆಯುವುದರಿಂದ ತೂಕ ಹೆಚ್ಚುವುದು ಶೇ. 21ರಷ್ಟು. ಸ್ನಾಯುವಿನ ಬಲ ಅದರ ಅಡ್ಡಕೊಯ್ತದ ವಿಸ್ತೀರ್ಣವನ್ನು ಅವಲಂಬಿಸಿರುವುದರಿಂದ ಅದು ಹೆಚ್ಚುವುದು ಶೇ. 14ರಷ್ಟು ಮಾತ್ರ. ತಿರುಗಲು ದೇಹ ಒಡ್ಡುವ ಜಡತ್ವವಾದರೋ ಶೇ. 38ರಷ್ಟು ಏರುತ್ತದೆ. ಅವಳು ಮೊದಲಿನಷ್ಟೇ ತಿರುಗುಬಲವನ್ನು ಹೊತ್ತು ಮೇಲೇರಿದರೆ, ಮೂರು ಸುತ್ತು ಮುಗಿಯುತ್ತಿದ್ದ ಸಮಯದಲ್ಲಿ ಎರಡು ಸುತ್ತು ಮತ್ತು ಸ್ವಲ್ಪ ಮುಗಿಯುತ್ತದೆ. ನಿಜವಾದ ದೇಹ ಇಷ್ಟು ಅಚ್ಚುಕಟ್ಟಾಗಿ ಬೆಳೆಯುವುದಿಲ್ಲ, ಅದೂ ಒಂದೇ ರಾತ್ರಿಯಲ್ಲಿ ಬೆಳೆಯುವುದಿಲ್ಲ. ಸೊಂಟ ಅಗಲವಾಗುತ್ತದೆ, ಎದೆ ತುಂಬುತ್ತದೆ, ಗುರುತ್ವಕೇಂದ್ರದ ಜಾಗ ಸರಿಯುತ್ತದೆ. ಆದರೂ ಲೆಕ್ಕದ ದಿಕ್ಕು ಇದೇ. ಈ ಶೇ. 38ರ ಅಂತರವನ್ನು ಹಸಿವಿನಿಂದ ತುಂಬಿಸಲಾಗದು ಎಂಬುದನ್ನು ಮಾತ್ರ ಈ ಹಂತದಲ್ಲಿ ಗಮನಿಸಿ: ಎರಡು ಕಿಲೋ ಇಳಿಸಿದರೆ ಎಲುಬಿನ ಉದ್ದ ಕುಗ್ಗುವುದಿಲ್ಲ, ಜಿಗಿತಕ್ಕೆ ಬೇಕಾದ ತೊಡೆಯ ಸ್ನಾಯುವೂ ಸೊರಗುತ್ತದೆ.

ಇನ್ನೊಂದು ತೊಡಕೂ ಇದೆ. ಎಲುಬು ಮೊದಲು ಉದ್ದವಾಗುತ್ತದೆ, ಸ್ನಾಯುವಿನ ಬಲ ತಿಂಗಳುಗಟ್ಟಲೆ ಹಿಂದೆ ಉಳಿಯುತ್ತದೆ, ಎಲುಬಿಗೆ ಖನಿಜ ತುಂಬಿ ಗಟ್ಟಿಯಾಗುವುದಂತೂ ಇನ್ನೂ ತಡ. ಆದ್ದರಿಂದ ಅತಿ ವೇಗವಾಗಿ ಬೆಳೆಯುವ ಅವಧಿಯಲ್ಲಿ ಹುಡುಗಿಯ ಬಳಿ ಇರುವುದು ಉದ್ದವಾದ, ಆದರೆ ಇನ್ನೂ ಎಳಸಾದ ಎಲುಬುಗಳು. ಇಳಿಯುವಾಗ ಆ ಎಲುಬುಗಳ ಮೇಲೆ ಬೀಳುವ ಬಲ ದೇಹದ ತೂಕದ ಹಲವು ಪಟ್ಟು.

ಗೋಡೆಯ ಮೇಲೆ ಪೆನ್ಸಿಲ್ ಗೆರೆ

ಹುಡುಗಿಯರು ಸಾಮಾನ್ಯವಾಗಿ ಹನ್ನೊಂದು ಹನ್ನೆರಡರ ವಯಸ್ಸಿನಲ್ಲಿ ಅತಿ ವೇಗವಾಗಿ ಬೆಳೆಯುತ್ತಾರೆ, ಆಗ ವರ್ಷಕ್ಕೆ ಸುಮಾರು 8 ಸೆಂ.ಮೀ. ಏರುವುದುಂಟು, ಅದಾದ ಸುಮಾರು ಒಂದು ವರ್ಷಕ್ಕೆ ಮೈನೆರೆಯುತ್ತಾರೆ. ಆದರೆ ಎಳೆಯ ವಯಸ್ಸಿನಿಂದ ಕಠಿಣ ಅಭ್ಯಾಸ ಮಾಡುವ ಸ್ಕೇಟರ್ ಮತ್ತು ಜಿಮ್ನಾಸ್ಟ್ ಹುಡುಗಿಯರಲ್ಲಿ ಇದೆಲ್ಲ ಒಂದೆರಡು ವರ್ಷ ತಡವಾಗುವುದು ಸಾಮಾನ್ಯ. ಹಾಗಾಗಿ ವಯಸ್ಸನ್ನು ನಂಬಬೇಡಿ, ಗೋಡೆಯನ್ನು ನಂಬಿ.

ತಿಂಗಳಿಗೊಮ್ಮೆ, ಒಂದೇ ಗೋಡೆಗೆ ಒರಗಿಸಿ, ಬರಿಗಾಲಿನಲ್ಲಿ, ಹಿಮ್ಮಡಿ, ಬೆನ್ನು, ತಲೆ ಗೋಡೆಗೆ ತಾಗುವಂತೆ ನಿಲ್ಲಿಸಿ, ತಲೆಯ ಮೇಲೆ ಗಟ್ಟಿ ರಟ್ಟಿನ ಪುಸ್ತಕವನ್ನು ಸಮವಾಗಿಟ್ಟು ಗೆರೆ ಎಳೆಯಿರಿ. ಬೆಳಿಗ್ಗೆ ಅಳೆದವರು ಪ್ರತಿ ಬಾರಿಯೂ ಬೆಳಿಗ್ಗೆಯೇ ಅಳೆಯಬೇಕು, ಏಕೆಂದರೆ ದಿನದ ಓಡಾಟದಲ್ಲಿ ಬೆನ್ನೆಲುಬು ಕುಸಿದು ಸಂಜೆಯ ಹೊತ್ತಿಗೆ ಯಾರೇ ಆಗಲಿ ಸುಮಾರು ಒಂದು ಸೆಂ.ಮೀ.ನಷ್ಟು ಗಿಡ್ಡವಾಗಿರುತ್ತಾರೆ, ಆ ವ್ಯತ್ಯಾಸವೇ ಒಂದು ತಿಂಗಳ ಬೆಳವಣಿಗೆಯನ್ನು ನುಂಗಿಹಾಕಬಲ್ಲದು. ಹಾಗೆಯೇ ಒಂದು ಮಣೆಯ ಮೇಲೆ ಕೂರಿಸಿ ಕುಳಿತ ಎತ್ತರವನ್ನೂ ಬರೆದುಕೊಳ್ಳಿ. ಪಾದ ಮೊದಲು, ಕಾಲು ಆಮೇಲೆ, ಮುಂಡ ಕೊನೆಗೆ ಬೆಳೆಯುವುದು ದೇಹದ ರೂಢಿಯಾದ್ದರಿಂದ, ಎರಡು ಅಳತೆಗಳನ್ನು ಹೋಲಿಸಿದರೆ ಅವಳು ಈ ದಾರಿಯಲ್ಲಿ ಎಲ್ಲಿದ್ದಾಳೆಂಬುದು ತಿಳಿಯುತ್ತದೆ. ಒಂದು ತಿಂಗಳ ಅಳತೆಯಿಂದ ತೀರ್ಮಾನಕ್ಕೆ ಬರಬೇಡಿ. ಮೂರು ತಿಂಗಳ ಸರಾಸರಿ ತಿಂಗಳಿಗೆ ಅರ್ಧ ಸೆಂ.ಮೀ. ದಾಟಿದರೆ ಅವಳು ವೇಗದ ಅವಧಿಯಲ್ಲಿದ್ದಾಳೆಂದು ತಿಳಿದು ಮುಂದಿನ ಕ್ರಮಗಳನ್ನು ಜಾರಿಗೆ ತನ್ನಿ.

ತಕ್ಕಡಿಯನ್ನು ಮಾತ್ರ ಅಟ್ಟಕ್ಕೆ ಹಾಕಿ. ರಿಂಕ್‌ನಲ್ಲಿ ಎಲ್ಲರೆದುರು ಮಕ್ಕಳನ್ನು ತೂಗುವ ಪದ್ಧತಿ ಇದ್ದರೆ, ನಮ್ಮ ಮಗಳನ್ನು ತೂಗಬೇಡಿ ಎಂದು ಕೋಚ್‌ಗೆ ಬರವಣಿಗೆಯಲ್ಲಿ ತಿಳಿಸಿ. ಈ ವಿಷಯದಲ್ಲಿ ದಾಕ್ಷಿಣ್ಯ ಬೇಡ.

ಬೂಟು ಮತ್ತು ಬ್ಲೇಡು

ಪಾದ ಎಲ್ಲಕ್ಕಿಂತ ಮೊದಲು ಬೆಳೆಯುವುದರಿಂದ, ಜಿಗಿತ ಕೆಟ್ಟಾಗ ಮೊದಲು ಬೂಟನ್ನು ಪರೀಕ್ಷಿಸಿ. ಎರಡು ತಿಂಗಳಿಗೊಮ್ಮೆ ಬರಿ ಪಾದವನ್ನು ಕಾಗದದ ಮೇಲಿಟ್ಟು ಸುತ್ತ ಗೆರೆ ಎಳೆದು ದಿನಾಂಕ ಬರೆದಿಡಿ. ಬೂಟಿನ ಗಡಸುತನವನ್ನು ಸ್ಕೇಟರಳ ತೂಕ ಮತ್ತು ಜಿಗಿತದ ಮಟ್ಟ ನೋಡಿ ಆರಿಸಿರುತ್ತಾರೆ; ನಲವತ್ತು ಕಿಲೋದ ಹುಡುಗಿಗೆ ಹೊಂದಿದ್ದ ಬೂಟು ಐವತ್ತರ ಹುಡುಗಿಗೆ ಕಣಕಾಲಿನ ಬಳಿ ಮಡಿಚಿಕೊಳ್ಳುತ್ತದೆ. ಅಲ್ಲಿ ಆಳವಾದ ಸುಕ್ಕು ಕಂಡರೆ, ಲೇಸು ಬಿಗಿದ ಮೇಲೂ ಬೂಟು ಸುಲಭವಾಗಿ ಪಕ್ಕಕ್ಕೆ ಬಾಗಿದರೆ ಅದರ ಆಯಸ್ಸು ಮುಗಿದಿದೆ. ದುಬಾರಿ ಎಂಬ ಕಾರಣಕ್ಕೆ, ಶಾಲೆಯ ಬೂಟು ಕೊಂಡಂತೆ, ಬೆಳೆಯುವ ಮಗುವಿಗೆ ಎರಡು ಅಳತೆ ದೊಡ್ಡದನ್ನು ಕೊಳ್ಳುವ ನಮ್ಮ ಮಧ್ಯಮವರ್ಗದ ಜಾಣತನ ಇಲ್ಲಿ ನಡೆಯುವುದಿಲ್ಲ: ಹಿಮ್ಮಡಿ ಒಳಗೆ ಜಾರಿದರೆ ಅಂಚಿನ ಹಿಡಿತವೇ ಹೋಗುತ್ತದೆ. ಬ್ಲೇಡಿನ ಉದ್ದ ಬದಲಾದಾಗ ಸಮತೋಲದ ಬಿಂದುವೂ ಸರಿಯುತ್ತದೆ. ಸ್ಪರ್ಧೆಗೆ ಮುಂಚಿನ ಕೆಲವು ವಾರಗಳಲ್ಲಿ ಹೊಸ ಬೂಟು ಹಾಕಿಸಬೇಡಿ.

ಜಿಗಿತಗಳನ್ನು ಎಣಿಸಿ

ಇದು ಈ ಲೇಖನದಲ್ಲಿ ನಾನು ಅತ್ಯಂತ ಒತ್ತಿ ಹೇಳಬಯಸುವ ಹಂತ. ಎಡಕ್ಕೆ ತಿರುಗುವ ಸ್ಕೇಟರ್ ಎಲ್ಲ ಮುಖ್ಯ ಜಿಗಿತಗಳನ್ನೂ ಹಿಮ್ಮುಖವಾಗಿ ಸಾಗುತ್ತ, ಬಲಗಾಲಿನ ಬ್ಲೇಡಿನ ಹೊರ ಅಂಚಿನ ಮೇಲೆಯೇ ಇಳಿಯುತ್ತಾಳೆ. ಲುಟ್ಜ್ ಮತ್ತು ಫ್ಲಿಪ್ ಎಂಬ ಜಿಗಿತಗಳಲ್ಲಿ ಐಸ್‌ಗೆ ಕುಟ್ಟಿ ಮೇಲೇಳುವ ಬ್ಲೇಡಿನ ಮುಂತುದಿಯೂ ಅದೇ ಬಲಗಾಲಿನದು. ದಿನಕ್ಕೆ ಐವತ್ತು ಜಿಗಿತ, ವಾರಕ್ಕೆ ಐದು ದಿನ ಎಂದರೆ ಒಂದೇ ಪಾದ ವಾರಕ್ಕೆ 250 ಬಾರಿ ಪೆಟ್ಟು ತಿನ್ನುತ್ತದೆ. ಬಿದ್ದ ಜಿಗಿತವನ್ನು ಸರಿಯಾಗುವವರೆಗೆ ಮತ್ತೆ ಹಾಕು ಎನ್ನುವ ಅಭ್ಯಾಸದಲ್ಲಿ ಈ ಸಂಖ್ಯೆ ಸದ್ದಿಲ್ಲದೆ ಏರುತ್ತದೆ. ಬೆಳವಣಿಗೆಯ ಕಾಲದಲ್ಲಿ ಬೀಳುವುದೇ ಹೆಚ್ಚು, ಆದ್ದರಿಂದ ಹಾಕುವುದೂ ಹೆಚ್ಚು. ಅಂದರೆ ಎಲುಬು ಅತ್ಯಂತ ಎಳಸಾಗಿರುವಾಗಲೇ ಅದಕ್ಕೆ ಅತ್ಯಧಿಕ ಪೆಟ್ಟು.

ಒಂದು ಪುಟ್ಟ ಪುಸ್ತಕದಲ್ಲಿ ದಿನದ ಜಿಗಿತಗಳನ್ನು ಗೀಟು ಹಾಕಿ ಎಣಿಸಿ. ಬಿದ್ದದ್ದನ್ನೂ, ಅರ್ಧಕ್ಕೆ ಬಿಚ್ಚಿಕೊಂಡದ್ದನ್ನೂ ಸೇರಿಸಿ. ವೇಗವಾಗಿ ಬೆಳೆಯುವ ತಿಂಗಳುಗಳಲ್ಲಿ ಟ್ರಿಪಲ್‌ಗಳನ್ನು ಮೈ ಚುರುಕಾಗಿರುವ ಮೊದಲ ಇಪ್ಪತ್ತು ನಿಮಿಷಕ್ಕೆ ಮೀಸಲಿಟ್ಟು, ಪ್ರತಿಯೊಂದಕ್ಕೂ ಒಂದು ಮಿತಿ ಇರಲಿ ಎಂದು ಕೋಚ್ ಜತೆ ಮಾತಾಡಿ ಗೊತ್ತುಮಾಡಿಕೊಳ್ಳಿ. ಮಿತಿ ಮುಗಿದ ಮೇಲೆ, ಕೊನೆಯದು ಬಿದ್ದಿದ್ದರೂ, ನಿಲ್ಲಿಸಬೇಕು. ಉಳಿದ ಹೊತ್ತು ಡಬಲ್‌ಗಳಿಗೆ, ಹಾರ್ನೆಸ್‌ನಲ್ಲಿ (ಮೈಗೆ ಕಟ್ಟುವ ಪಟ್ಟಿ ಮತ್ತು ಹಗ್ಗದ ಆಸರೆಯಲ್ಲಿ) ತೂಗಿಕೊಂಡು ಸುತ್ತುವುದಕ್ಕೆ, ನೆಲದ ಮೇಲಿನ ಸುತ್ತಿನ ಅಭ್ಯಾಸಕ್ಕೆ, ತೊಡೆ ಮತ್ತು ಪೃಷ್ಠದ ಬಲವರ್ಧನೆಗೆ. ಉದ್ದವಾದ ದೇಹಕ್ಕೆ ಹಳೆಯ ತಾಳ ಹೊಂದುವುದಿಲ್ಲವಾದ್ದರಿಂದ, ತೋಳನ್ನು ಯಾವ ಕ್ಷಣದಲ್ಲಿ ಎಳೆದುಕೊಳ್ಳಬೇಕು ಎಂಬುದನ್ನು ಡಬಲ್‌ನಲ್ಲಿಯೇ ಹೊಸದಾಗಿ ಕಲಿಯುವುದು ಒಳಿತು. ಈ ತಾಳ ಕೂಡಿಬಂದ ಮೇಲೆ ಉದ್ದದಿಂದ ಲಾಭವೂ ಉಂಟು: ಉದ್ದನೆಯ ತೋಳು ಮತ್ತು ಬಿಡುಗಾಲು (ಐಸ್ ಮೇಲೆ ಊರಿರದ ಕಾಲು) ಮೇಲೇರುವ ಮುನ್ನ ಹೆಚ್ಚು ತಿರುಗುಬಲವನ್ನು ಒಟ್ಟುಗೂಡಿಸಬಲ್ಲವು.

ಬೆನ್ನನ್ನು ಮರೆಯಬೇಡಿ. ಕಾಲನ್ನು ಹಿಂದಿನಿಂದ ತಲೆಯ ಮೇಲಕ್ಕೆ ಎಳೆದು ಹಿಡಿಯುವ ಬೀಲ್ಮನ್ ಸುತ್ತು, 1981ರ ವಿಶ್ವ ಚಾಂಪಿಯನ್ ಸ್ವಿಟ್ಜರ್ಲೆಂಡಿನ ಡೆನಿಸ್ ಬೀಲ್ಮನ್ ಅವರ ಹೆಸರಿನಿಂದ ಬಂದದ್ದು, ನೋಡಲು ಎಷ್ಟು ಸುಂದರವೋ ಸೊಂಟದ ಕಶೇರುಗಳಿಗೆ ಅಷ್ಟೇ ಭಾರ. ಬೆಳೆಯುವ ಬೆನ್ನಿನಲ್ಲಿ ಅದನ್ನು ದಿನವೂ ಹತ್ತಾರು ಬಾರಿ ಮಾಡಿಸುವುದಕ್ಕೆ ಯಾವ ಸಮರ್ಥನೆಯೂ ನನಗೆ ಕಾಣುವುದಿಲ್ಲ.

ನೋವನ್ನು ಓದುವುದು

ಎರಡೂ ಕಾಲಿನ ಸ್ನಾಯುಗಳಲ್ಲಿ ಹರಡಿಕೊಂಡು, ಒಂದೆರಡು ದಿನದಲ್ಲಿ ಹೋಗುವ ನೋವು ದುಡಿಮೆಯದು. ಮಂಡಿಚಿಪ್ಪಿನ ಕೆಳಗಿನ ಉಬ್ಬಿನಲ್ಲಿ ಅಥವಾ ಹಿಮ್ಮಡಿಯ ಹಿಂಭಾಗದಲ್ಲಿ ಮುಟ್ಟಿದರೆ ನೋಯುವುದು, ಬೆಳೆಯುವ ಎಲುಬಿನ ತುದಿಯನ್ನು ಬಿಗಿಯಾದ ಸ್ನಾಯುರಜ್ಜು ಎಳೆಯುತ್ತಿರುವುದರ ಗುರುತು. ಜಿಗಿತ ಕಡಿಮೆ ಮಾಡಿದರೆ ಸಾಮಾನ್ಯವಾಗಿ ಇಳಿಯುತ್ತದೆ. ಒಂದೇ ಬೆರಳಿನಿಂದ ತೋರಿಸಬಹುದಾದ ಜಾಗದಲ್ಲಿ, ಇಳಿಯುವ ಕಾಲಿನ ಪಾದದಲ್ಲೋ ಮೊಣಕಾಲಿನ ಕೆಳಗಿನ ಎಲುಬಿನಲ್ಲೋ, ಜಿಗಿದಷ್ಟೂ ಹೆಚ್ಚುವ, ರಾತ್ರಿ ಮಲಗಿದಾಗಲೂ ಕಾಡುವ ನೋವು ಎಲುಬಿನ ಬಿರುಕಿನದ್ದಾಗಿರಬಹುದು. ಹಿಂದಕ್ಕೆ ಬಾಗಿದಾಗ ಸೊಂಟದ ಒಂದು ಪಕ್ಕ ಚುಚ್ಚಿದರೂ ಹಾಗೆಯೇ. ಅಂದೇ ಜಿಗಿತ ನಿಲ್ಲಿಸಿ ಕ್ರೀಡಾ ವೈದ್ಯರನ್ನು ಕಾಣಿ. ಆರಂಭದ ಬಿರುಕು ಸಾಮಾನ್ಯ ಎಕ್ಸ್‌ರೇಯಲ್ಲಿ ಕಾಣದಿರಬಹುದು. ಎಕ್ಸ್‌ರೇ ಸರಿಯಿದೆ ಎಂದ ಮಾತ್ರಕ್ಕೆ ಮರುದಿನ ರಿಂಕ್‌ಗೆ ಕಳಿಸಬೇಡಿ.

ಊಟ ಮತ್ತು ಮುಟ್ಟು

ಅಭ್ಯಾಸ ಮುಗಿಸಿ ಮನೆಗೆ ಬರುವ ಕಾರಿನಲ್ಲಿ ಹಿಂದಿನ ಸೀಟಿನಿಂದ ಒಂದು ದಿನ ಪ್ರಶ್ನೆ ಬಂದೇ ಬರುತ್ತದೆ: “ಅಮ್ಮಾ, ನಾನು ದಪ್ಪ ಆಗ್ಬಿಟ್ಟಿದ್ದೀನಾ?” ಇದಕ್ಕೆ “ಇಲ್ಲಮ್ಮಾ, ತೆಳ್ಳಗೇ ಇದ್ದೀಯ” ಎಂಬ ಸಮಾಧಾನವೂ ಸರಿಯಾದ ಉತ್ತರವಲ್ಲ, ಏಕೆಂದರೆ ತೆಳ್ಳಗಿರುವುದೇ ಗುರಿ ಎಂಬುದನ್ನು ಅದು ಒಪ್ಪಿಕೊಂಡುಬಿಡುತ್ತದೆ. “ಉದ್ದ ಆಗಿದ್ದೀಯ ಕಣೇ. ಗೋಡೆ ಮೇಲೆ ನೋಡು, ಯುಗಾದಿಯಿಂದ ಈಚೆಗೆ ನಾಲ್ಕು ಸೆಂಟಿಮೀಟರ್. ಮೈಗೆ ಹೊಸ ಲೆಕ್ಕ ಕಲಿಯೋಕೆ ಸ್ವಲ್ಪ ದಿನ ಬೇಕು” ಎನ್ನಿ. ಗೋಡೆಯ ಗೆರೆಗಳು ಉಪಯೋಗಕ್ಕೆ ಬರುವುದು ಇಂಥ ಹೊತ್ತಿನಲ್ಲಿ.

ನಮ್ಮ ಕಡೆ ಮೈನೆರೆದ ಹುಡುಗಿಗೆ ಆರತಿ ಮಾಡಿ ಎಳ್ಳು ಬೆಲ್ಲದ ಚಿಗಳಿ, ಕೊಬ್ಬರಿ, ತುಪ್ಪ ತಿನ್ನಿಸುವ ರೂಢಿಯಿದೆ. ಆಚರಣೆಯ ಉಳಿದ ಭಾಗಗಳ ಬಗ್ಗೆ ಯಾರಿಗೆ ಏನೇ ತಕರಾರಿರಲಿ, ಆ ವಯಸ್ಸಿನ ದೇಹಕ್ಕೆ ಹೆಚ್ಚು ಊಟ ಬೇಕು ಎಂಬ ಅಜ್ಜಿಯಂದಿರ ತಿಳಿವಳಿಕೆ, ಅದೇ ವಯಸ್ಸಿನಲ್ಲಿ ಊಟ ಕಡಿಮೆ ಮಾಡು ಎನ್ನುವ ರಿಂಕ್‌ನ ಪಿಸುಮಾತಿಗಿಂತ ವಿಜ್ಞಾನಕ್ಕೆ ಹತ್ತಿರವಾದುದು. ವಯಸ್ಕ ಎಲುಬಿನ ಖನಿಜದ ಸುಮಾರು ಕಾಲು ಭಾಗ ಸೇರುವುದು ಅತಿ ವೇಗದ ಬೆಳವಣಿಗೆಯ ಆಚೀಚಿನ ಎರಡು ವರ್ಷಗಳಲ್ಲಿ. ಆ ಎರಡು ವರ್ಷ ಅರೆಹೊಟ್ಟೆಯಲ್ಲಿ ಕಳೆದವಳು ಆ ಸಾಲವನ್ನು ಮುಂದೆ ತೀರಿಸುವುದು ಬಹಳ ಕಷ್ಟ.

ಅಭ್ಯಾಸದಲ್ಲಿ ಖರ್ಚಾದ ಶಕ್ತಿಯನ್ನು ಕಳೆದ ಮೇಲೆ ಹೃದಯ, ಹಾರ್ಮೋನು, ಎಲುಬುಗಳ ಕೆಲಸಕ್ಕೆ ಸಾಕಷ್ಟು ಉಳಿಯದ ಸ್ಥಿತಿಗೆ ಅಂತಾರಾಷ್ಟ್ರೀಯ ಒಲಿಂಪಿಕ್ ಸಮಿತಿ 2014ರಲ್ಲಿ ಒಂದು ಹೆಸರು ಕೊಟ್ಟಿತು; ಕ್ರೀಡಾ ವೈದ್ಯರು ಅದನ್ನು ರೆಡ್-ಎಸ್ ಎನ್ನುತ್ತಾರೆ. ತೂಕ ಇಳಿಯದೆಯೂ ಈ ಸ್ಥಿತಿ ಬರಬಹುದು. ಅದರ ಮೊದಲ ಗುರುತು ಅನೇಕ ವೇಳೆ ಮುಟ್ಟು. ಹದಿನೈದು ತುಂಬಿದರೂ ಮೈನೆರೆಯದಿದ್ದರೆ, ಅಥವಾ ಶುರುವಾದ ಮುಟ್ಟು ಮೂರು ತಿಂಗಳು ನಿಂತರೆ, ಸ್ಕೇಟರ್‌ಗಳಿಗೆ ಇದೆಲ್ಲ ಇದ್ದದ್ದೇ ಎಂಬ ಮಾತಿಗೆ ಕಿವಿಗೊಡದೆ ವೈದ್ಯರನ್ನು ಕಾಣಬೇಕು. ಜತೆಗೆ ಕಬ್ಬಿಣಾಂಶ ಮತ್ತು ವಿಟಮಿನ್ ಡಿ ಪರೀಕ್ಷೆಯನ್ನೂ ಕೇಳಿ: ಸಸ್ಯಾಹಾರಿ ಮನೆಯ ಕಪ್ಪು ಮೈಬಣ್ಣದ ಹುಡುಗಿಯೊಬ್ಬಳು ಟೊರೊಂಟೊದ ಚಳಿಗಾಲವನ್ನು ಶಾಲೆ ಮತ್ತು ಒಳಾಂಗಣ ರಿಂಕ್‌ನ ನಡುವೆ ಕಳೆದರೆ ಎರಡೂ ಕೊರತೆಗಳಿಗೆ ದಾರಿ ತೆರೆದೇ ಇರುತ್ತದೆ. ಕ್ಯಾಲೊರಿ ಲೆಕ್ಕವನ್ನು ಆಹಾರತಜ್ಞರಿಗೆ ಬಿಡಿ, ಊಟದ ತಟ್ಟೆಯ ಪಕ್ಕ ತರಬೇಡಿ. ಬೆಳಿಗ್ಗೆ ಐದರ ಅಭ್ಯಾಸಕ್ಕೆ ಖಾಲಿ ಹೊಟ್ಟೆಯಲ್ಲಿ ಕಳಿಸದಿರುವುದು, ಐಸ್‌ನಿಂದ ಇಳಿದ ಅರ್ಧ ಗಂಟೆಯೊಳಗೆ ಮೊಸರನ್ನವೋ ಚಪಾತಿಯೋ ಮೊಟ್ಟೆಯೋ ಹೊಟ್ಟೆಗೆ ಬೀಳುವಂತೆ ನೋಡಿಕೊಳ್ಳುವುದು, ನಿಮ್ಮ ಪಾಲಿನ ಕೆಲಸ ಇಷ್ಟು.

ಇದನ್ನು ಇಷ್ಟು ಬಿಡಿಸಿ ಹೇಳಲು ಕಾರಣವಿದೆ. 2014ರ ಸೋಚಿ ಒಲಿಂಪಿಕ್ಸ್‌ನಲ್ಲಿ ಹದಿನೈದರ ವಯಸ್ಸಿಗೆ ರಷ್ಯಾ ತಂಡದ ಚಿನ್ನದಲ್ಲಿ ಪಾಲು ಪಡೆದ ಯೂಲಿಯಾ ಲಿಪ್ನಿಟ್ಸ್ಕಯಾ, 2017ರಲ್ಲಿ, ಹತ್ತೊಂಬತ್ತಕ್ಕೇ ನಿವೃತ್ತರಾದರು. ಊಟ ತ್ಯಜಿಸುವ ಕಾಯಿಲೆಗೆ ಚಿಕಿತ್ಸೆ ಪಡೆದುದಾಗಿ ಅವರೇ ಬಹಿರಂಗವಾಗಿ ಹೇಳಿಕೊಂಡರು.

ಅಂಕಗಳ ಲೆಕ್ಕ ಹಾಕಿ, ಕಾರ್ಯಕ್ರಮ ಬದಲಿಸಿ

ಬೆಳವಣಿಗೆಯ ವರ್ಷದಲ್ಲಿ ಹಳೆಯ ಕಠಿಣ ಜಿಗಿತಗಳನ್ನೇ ಕಾರ್ಯಕ್ರಮದಲ್ಲಿ ಉಳಿಸಿಕೊಳ್ಳುವುದು ಶೌರ್ಯವೆಂದು ತೋರಬಹುದು, ಅಂಕಪಟ್ಟಿ ಬೇರೆ ಹೇಳುತ್ತದೆ. ಟ್ರಿಪಲ್ ಆಕ್ಸಲ್‌ನ ಮೂಲ ಅಂಕ 8.0. ಸುತ್ತು ಪೂರ್ಣಗೊಳಿಸಿ ಬಿದ್ದರೆ ಗುಣಮಟ್ಟದ ದಂಡವಾಗಿ ಅರ್ಧ ಹೋಗಿ 4.0 ಉಳಿಯುತ್ತದೆ, ಬಿದ್ದದ್ದಕ್ಕೆ ಇನ್ನೊಂದು ಅಂಕ ಕಡಿತ, ಕೈಗೆ ಬರುವುದು 3.0. ಮೂಲ ಅಂಕ 3.3 ಇರುವ ಡಬಲ್ ಆಕ್ಸಲ್ ಅನ್ನು ವೇಗವಾಗಿ, ದೂರ ಹಾರಿ, ಚೊಕ್ಕವಾಗಿ ಇಳಿದು ಗುಣಮಟ್ಟಕ್ಕೆ +3 (ಮೂಲ ಅಂಕದ ಶೇ. 30 ಹೆಚ್ಚು) ಗಳಿಸಿದರೆ 4.29. ಸುತ್ತಿನಲ್ಲಿ ಕಾಲು ಭಾಗಕ್ಕಿಂತ ಹೆಚ್ಚಿನ ಕೊರತೆಯಾದರೆ ಮೂಲ ಅಂಕವೇ ಕುಗ್ಗುತ್ತದೆ, ಅರ್ಧ ಸುತ್ತು ಕಡಿಮೆಯಾದರೆ ಟ್ರಿಪಲ್ ಅನ್ನು ಡಬಲ್ ಎಂದೇ ಎಣಿಸುತ್ತಾರೆ. ಈ ಲೆಕ್ಕವನ್ನು ಮಗಳೊಂದಿಗೆ ಕುಳಿತು ಮಾಡಿ. ಸುಲಭದ ಜಿಗಿತಕ್ಕೆ ಇಳಿಯುವುದು ಸೋಲೊಪ್ಪಿದಂತೆ ಎಂಬ ಭಾವನೆ ಇದರಿಂದ ಸಡಿಲವಾಗುತ್ತದೆ.

ಜಪಾನಿನ ಕವೋರಿ ಸಕಾಮೊತೊ ಟ್ರಿಪಲ್ ಆಕ್ಸಲ್ ಆಗಲಿ ನಾಲ್ಕು ಸುತ್ತಿನ ಜಿಗಿತವಾಗಲಿ ಇಲ್ಲದೆ 2022, 2023, 2024ರಲ್ಲಿ ಸತತ ಮೂರು ಬಾರಿ ವಿಶ್ವ ಚಾಂಪಿಯನ್ ಆದದ್ದು ಇದೇ ದಾರಿಯಲ್ಲಿ: ವೇಗ, ಅಂಚಿನ ಹಿಡಿತ, ದೊಡ್ಡದಾಗಿ ತೆರೆದುಕೊಳ್ಳುವ ಡಬಲ್ ಆಕ್ಸಲ್. ಸುಮಾರು 169 ಸೆಂ.ಮೀ. ಎತ್ತರದ ಇಟಲಿಯ ಕರೊಲಿನಾ ಕೋಸ್ಟ್ನರ್ 2012ರಲ್ಲಿ ವಿಶ್ವ ಚಾಂಪಿಯನ್ ಆಗಿ, ಎರಡು ವರ್ಷದ ಬಳಿಕ ಇಪ್ಪತ್ತೇಳರ ವಯಸ್ಸಿನಲ್ಲಿ ಒಲಿಂಪಿಕ್ ಕಂಚು ಗೆದ್ದರು. ಉದ್ದನೆಯ ಕೈಕಾಲುಗಳು ಐಸ್ ಮೇಲೆ ಎಳೆಯುವ ಗೆರೆಯನ್ನು ಗಿಡ್ಡ ಹುಡುಗಿ ಎಷ್ಟು ಶ್ರಮಪಟ್ಟರೂ ಎಳೆಯಲಾರಳು. ಜಿಗಿತ ಕಡಿಮೆಯಾದ ತಿಂಗಳುಗಳಲ್ಲಿ ಉಳಿಯುವ ಸಮಯವನ್ನು ಹೆಜ್ಜೆಗಾರಿಕೆ, ಸುತ್ತು, ಅಂಚುಗಳಿಗೆ ಹಾಕಿದರೆ ಅದು ವ್ಯರ್ಥವಾಗುವುದಿಲ್ಲ.

ನಿಯಮವೂ ಈಗ ನಿಮ್ಮ ಪರವಾಗಿದೆ. ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಹದಿನೈದರ ಕಮಿಲಾ ವಲಿಯೆವಾ ಅವರ ಉದ್ದೀಪನ ಮದ್ದಿನ ಪ್ರಕರಣ ಜಗತ್ತನ್ನು ಕಲಕಿದ ನಾಲ್ಕು ತಿಂಗಳಿಗೆ, 2022ರ ಜೂನ್‌ನಲ್ಲಿ, ಅಂತಾರಾಷ್ಟ್ರೀಯ ಸ್ಕೇಟಿಂಗ್ ಒಕ್ಕೂಟವು ಹಿರಿಯರ ವಿಭಾಗದ ಕನಿಷ್ಠ ವಯಸ್ಸನ್ನು ಹದಿನೈದರಿಂದ ಹಂತಹಂತವಾಗಿ ಹದಿನೇಳಕ್ಕೆ ಏರಿಸಲು ಒಪ್ಪಿತು. 2024-25ರ ಋತುವಿನಿಂದ ಅದು ಪೂರ್ಣವಾಗಿ ಜಾರಿಯಲ್ಲಿದೆ. ಮೈ ಬೆಳೆಯುವ ಮುನ್ನ ಪದಕ ಗೆದ್ದುಬಿಡಬೇಕೆಂಬ ಓಟಕ್ಕೆ ಮೊದಲಿನಷ್ಟು ಅರ್ಥ ಉಳಿದಿಲ್ಲ. 2018ರಲ್ಲಿ ಹದಿನೈದಕ್ಕೆ ಒಲಿಂಪಿಕ್ ಚಿನ್ನ ಗೆದ್ದ ಅಲಿನಾ ಜಗಿಟೋವಾ, ಅನಂತರ ಎತ್ತರ ಬೆಳೆದು, ಹೊಸ ಮೈಗೆ ಜಿಗಿತಗಳನ್ನು ಹೊಂದಿಸಿಕೊಳ್ಳಲು ಹೆಣಗಿ 2019ರಲ್ಲಿ ವಿಶ್ವ ಪ್ರಶಸ್ತಿಯನ್ನೂ ಗೆದ್ದರು. ಆದರೆ ಅದೇ ವರ್ಷದ ಕೊನೆಗೆ, ಹದಿನೇಳಕ್ಕೆ, ಸ್ಪರ್ಧೆಯಿಂದ ಹಿಂದೆ ಸರಿದರು. ಇಂದಿನ ನಿಯಮದಲ್ಲಿ ಅದು ಹಿರಿಯರ ವಿಭಾಗಕ್ಕೆ ಕಾಲಿಡುವ ವಯಸ್ಸು.

ಜಿಗಿತಗಳನ್ನು ಮರಳಿ ಕಟ್ಟುವುದು

ಗೋಡೆಯ ಗೆರೆಗಳು ಒಂದರ ಮೇಲೊಂದು ಬೀಳತೊಡಗಿ, ಮೂರು ನಾಲ್ಕು ತಿಂಗಳು ಎತ್ತರ ಹೆಚ್ಚುಕಡಿಮೆ ನಿಂತ ಮೇಲೆ, ಬೂಟು ಸರಿಯಾಗಿ, ಮುಟ್ಟು ನಿಯಮಿತವಾಗಿ, ನೋವಿಲ್ಲದೆ ಇದ್ದರೆ ಟ್ರಿಪಲ್‌ಗಳ ಸಂಖ್ಯೆಯನ್ನು ನಿಧಾನವಾಗಿ ಏರಿಸಬಹುದು. ಟೋ ಲೂಪ್ ಮತ್ತು ಸಾಲ್ಕೋಗಳಿಂದ ಶುರುಮಾಡಿ, ಲುಟ್ಜ್ ಕೊನೆಗಿರಲಿ. ವಾರದ ಒಟ್ಟು ಜಿಗಿತಗಳನ್ನು ಒಮ್ಮೆಗೇ ದುಪ್ಪಟ್ಟು ಮಾಡುವ ಆಸೆಯನ್ನು ಎಣಿಕೆಯ ಪುಸ್ತಕ ತಡೆಯಲಿ. ಒಂದು ಋತುವಿನಲ್ಲೇ ಎಲ್ಲವೂ ಮರಳುತ್ತದೆಂದು ಮಗಳಿಗೆ ಮಾತು ಕೊಡಬೇಡಿ. ಕೆಲವರಿಗೆ ಒಂದೆರಡು ಜಿಗಿತ ಮರಳದೆಯೂ ಹೋಗಬಹುದು.

ಎಷ್ಟು ಕಾಲ ಹಿಡಿಯಬಹುದೆಂಬುದಕ್ಕೆ ಎರಡು ಉದಾಹರಣೆಗಳನ್ನು ಅವಳಿಗೆ ತೋರಿಸಬಹುದು. ಹದಿನಾಲ್ಕಕ್ಕೆ ಹಿರಿಯರ ಗ್ರ್ಯಾಂಡ್ ಪ್ರಿ (ಅಂತಾರಾಷ್ಟ್ರೀಯ ಸರಣಿ) ಸ್ಪರ್ಧೆಗಳನ್ನು ಗೆದ್ದ ರಷ್ಯಾದ ಎಲಿಜವೆಟಾ ತುಕ್ತಮಿಶೆವಾ, ಬೆಳವಣಿಗೆ ಮತ್ತು ಗಾಯಗಳ ನಡುವೆ ಸೋಚಿ ತಂಡದಿಂದ ಹೊರಗುಳಿದರು. ಮರುವರ್ಷ, 2015ರಲ್ಲಿ, ಟ್ರಿಪಲ್ ಆಕ್ಸಲ್ ಹಾಕಿ ವಿಶ್ವ ಚಾಂಪಿಯನ್ ಆದರು, ಇಪ್ಪತ್ತನಾಲ್ಕರ ವಯಸ್ಸಿನಲ್ಲಿ 2021ರ ವಿಶ್ವ ಬೆಳ್ಳಿಯನ್ನೂ ಗೆದ್ದರು. ಹದಿಮೂರಕ್ಕೆ ಅಮೆರಿಕದ ಚಾಂಪಿಯನ್ ಆಗಿ, ನಾಲ್ಕು ಸುತ್ತಿನ ಲುಟ್ಜ್ ಹಾಕುತ್ತಿದ್ದ ಅಲೀಸಾ ಲಿಯು, ಬೆಳೆದಂತೆ ಆ ಜಿಗಿತಗಳನ್ನು ಕಳೆದುಕೊಂಡು ಹದಿನಾರಕ್ಕೆ ನಿವೃತ್ತಿ ಘೋಷಿಸಿದರು. ಎರಡು ವರ್ಷ ಸ್ಕೇಟಿಂಗ್‌ನಿಂದ ದೂರವಿದ್ದು, 2024ರಲ್ಲಿ ಮರಳಿ, 2025ರ ಮಾರ್ಚ್‌ನಲ್ಲಿ ಬಾಸ್ಟನ್‌ನಲ್ಲಿ ವಿಶ್ವ ಚಾಂಪಿಯನ್ ಆದಾಗ ಅವರ ಕಾರ್ಯಕ್ರಮದಲ್ಲಿ ನಾಲ್ಕು ಸುತ್ತಿನ ಒಂದು ಜಿಗಿತವೂ ಇರಲಿಲ್ಲ.